ಬಂದು ಹೋದ ಕೊರೊನಾ ಮತ್ತೆ ಬರುವುದೇಕೆ? ಮಂಗ, ಹ್ಯಾಮ್‌ಸ್ಟರ್ ಮತ್ತು ನಮ್ಮ ಹಟ್ಟಿಯ ಕರು ಕಲಿಸುವ ಪಾಠ



ಕಾಲುಬಾಯಿ ರೋಗದ ಲಸಿಕೆ ಹಾಕಲು ಊರಿಗೆ ಬಂದಾಗ ಪ್ರತಿ ಸುತ್ತಿನಲ್ಲೂ ನಮಗೆ ಎದುರಾಗುವ ಪ್ರಶ್ನೆ ಒಂದಿದೆ: “ಆರು ತಿಂಗಳ ಹಿಂದೆ ಹಾಕಿದ್ದೀರಲ್ಲ ಡಾಕ್ಟ್ರೇ, ಪುನಃ ಯಾಕೆ?” ಕೊರೊನಾ ಕಾಲದಲ್ಲಿ ಇದೇ ಪ್ರಶ್ನೆ ಮನುಷ್ಯರ ಬಗ್ಗೆಯೂ ಬಂತು. “ನನಗೆ ಒಮ್ಮೆ ಬಂದು ಹೋಗಿದೆ, ಇನ್ನು ಬರುವುದಿಲ್ಲ ಅಲ್ವಾ?” ಎಂದು ಕೇಳಿದವರಿದ್ದರು. “ಎರಡು ಡೋಸ್ ಹಾಕಿಸಿಕೊಂಡವರಿಗೂ ಬಂತು, ಹಾಗಾದರೆ ಲಸಿಕೆಯಿಂದ ಏನು ಪ್ರಯೋಜನ?” ಎಂದವರೂ ಇದ್ದರು.

ಕೇಳಬೇಕಾದ ಪ್ರಶ್ನೆಗಳೇ ಇವು. ಇದಕ್ಕೆ ಖಚಿತ ಉತ್ತರ ಸಿಕ್ಕಿದ್ದು ಮುಖ್ಯವಾಗಿ ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳಿಂದ. ಆ ಉತ್ತರ ನಮ್ಮ ಹಟ್ಟಿಯ ಕರುವಿಗೂ ನೇರವಾಗಿ ಸಂಬಂಧಿಸಿದೆ. ಏಕೆಂದರೆ ದನಗಳಿಗೂ ಅವುಗಳದ್ದೇ ಆದ ಒಂದು ಕೊರೊನಾ ವೈರಸ್ ಇದೆ. ಅದು 2020ಕ್ಕಿಂತ ಬಹಳ ಮೊದಲಿನಿಂದಲೂ ಕರುಗಳ ಪ್ರಾಣ ತೆಗೆಯುತ್ತಿದೆ.

ಎಲ್ಲ ರೋಗವೂ ಒಂದೇ ರೀತಿ ಅಲ್ಲ

ನಿಮ್ಮ ಮನೆಯ ಹಿರಿಯರಿಗೆ ‘ದೊಡ್ಡರೋಗ’ ನೆನಪಿರಬಹುದು. ಒಂದು ಕಾಲದಲ್ಲಿ ಹಟ್ಟಿಗೆ ಹಟ್ಟಿಯನ್ನೇ ಖಾಲಿ ಮಾಡುತ್ತಿದ್ದ ದನಗಳ ಪ್ಲೇಗ್ ಅದು. ಆ ರೋಗದಿಂದ ಒಮ್ಮೆ ಬದುಕಿದ ದನಕ್ಕೆ ಜೀವಮಾನದಲ್ಲಿ ಮತ್ತೆ ಅದು ಬರುತ್ತಿರಲಿಲ್ಲ. ಲಸಿಕೆಯೂ ಹಾಗೆಯೇ ದೀರ್ಘಕಾಲ ರಕ್ಷಣೆ ಕೊಡುತ್ತಿತ್ತು. ಆದ್ದರಿಂದಲೇ 1954ರಲ್ಲಿ ಆರಂಭವಾದ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮ ಗುರಿ ಮುಟ್ಟಿತು. 2006ರಲ್ಲಿ ಭಾರತ, 2011ರಲ್ಲಿ ಇಡೀ ಜಗತ್ತು ದೊಡ್ಡರೋಗದಿಂದ ಮುಕ್ತವಾಯಿತು.

ಕೊರೊನಾ ವೈರಸ್ಸಿನ ಸ್ವಭಾವ ಬೇರೆ. ದೊಡ್ಡರೋಗದ ವೈರಸ್ ರಕ್ತದ ಮೂಲಕ ಮೈಯೆಲ್ಲ ಹರಡುತ್ತಿತ್ತು. ಹಾಗಾಗಿ ರಕ್ತದಲ್ಲಿರುವ ಪ್ರತಿಕಾಯಗಳು, ಅಂದರೆ ರೋಗಾಣುವಿಗೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುವ ಪ್ರೋಟೀನುಗಳು, ಅದನ್ನು ದಾರಿಯಲ್ಲೇ ಹಿಡಿಯುತ್ತಿದ್ದವು. ಕೊರೊನಾ ವೈರಸ್ ಹೆಚ್ಚಾಗಿ ಮೂಗು, ಗಂಟಲು, ಶ್ವಾಸನಾಳ, ಕರುಳು ಇವುಗಳ ಒಳಪದರದಲ್ಲೇ ಬೆಳೆಯುತ್ತದೆ. ಆ ಪದರದ ಮೇಲಿನ ಪ್ರತಿಕಾಯಗಳು ಕೆಲವೇ ತಿಂಗಳಲ್ಲಿ ಕಡಿಮೆಯಾಗುತ್ತವೆ. ಒಳಗಿನ ‘ನೆನಪಿನ ಕೋಶಗಳು’ ಮಾತ್ರ ಹೆಚ್ಚು ಕಾಲ ಉಳಿಯುತ್ತವೆ.

ಹಟ್ಟಿಯ ಉದಾಹರಣೆಯಲ್ಲೇ ಹೇಳುವುದಾದರೆ, ಗೇಟಿನ ಕಾವಲುಗಾರ ಬೇಗ ನಿದ್ದೆಗೆ ಜಾರುತ್ತಾನೆ, ಮನೆಯೊಳಗಿನವರು ಎಚ್ಚರವಾಗಿರುತ್ತಾರೆ. ಕಳ್ಳ ಅಂಗಳದವರೆಗೆ ಬರಬಹುದು, ಆದರೆ ಒಳಗಿನ ಪೆಟ್ಟಿಗೆ ಮುಟ್ಟುವುದು ಕಷ್ಟ. ಸೋಂಕು ತಗಲದಂತೆ ತಡೆಯುವುದು ಒಂದು ರಕ್ಷಣೆ. ಸೋಂಕು ತಗಲಿದರೂ ಕಾಯಿಲೆ ಜೋರಾಗದಂತೆ ತಡೆಯುವುದು ಇನ್ನೊಂದು ರಕ್ಷಣೆ. ಈ ಎರಡನ್ನು ಬೇರೆ ಬೇರೆಯಾಗಿ ನೋಡಿದರೆ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ಪ್ರಾಣಿಗಳೇ ಏಕೆ ಬೇಕಾದವು?

2020ರ ಆಗಸ್ಟ್‌ನಲ್ಲಿ ಹಾಂಗ್‌ಕಾಂಗ್‌ನಿಂದ ಮನುಷ್ಯರಲ್ಲಿ ಮರುಸೋಂಕಿನ ಮೊದಲ ಖಚಿತ ವರದಿ ಬಂತು. ಮರು ತಿಂಗಳೇ ಬೆಂಗಳೂರಿನ ಆಸ್ಪತ್ರೆಯೊಂದು ಅಂಥ ಪ್ರಕರಣವನ್ನು ವರದಿ ಮಾಡಿತು. ಆದರೆ ಇಂಥ ಬಿಡಿ ಪ್ರಕರಣಗಳಿಂದ ಎಲ್ಲವೂ ತಿಳಿಯುವುದಿಲ್ಲ. ಆ ವ್ಯಕ್ತಿಗೆ ಯಾವ ದಿನ, ಎಷ್ಟು ವೈರಸ್ ತಗಲಿತ್ತು? ಎರಡನೇ ಸಲ ಪಾಸಿಟಿವ್ ಬಂದದ್ದು ಹೊಸ ಸೋಂಕೋ, ಹಳೆಯದರ ಅವಶೇಷವೋ? ಮನುಷ್ಯರಲ್ಲಿ ಇದನ್ನು ಹೇಳುವುದು ಕಷ್ಟ. ಪ್ರಯೋಗಾಲಯದ ಪ್ರಾಣಿಯಲ್ಲಿ ದಿನವೂ ಗೊತ್ತು, ಪ್ರಮಾಣವೂ ಗೊತ್ತು. ಶ್ವಾಸಕೋಶದಲ್ಲಿ ಏನಾಗಿದೆ ಎಂದು ನೇರವಾಗಿ ನೋಡಬಹುದು.

ಯಾವ ಪ್ರಾಣಿ ಆಗಬಹುದು ಎನ್ನುವುದೂ ದೊಡ್ಡ ಪ್ರಶ್ನೆಯೇ. ವೈರಸ್ ನಮ್ಮ ಜೀವಕೋಶದೊಳಗೆ ಹೋಗಲು ‘ಎಸಿಇ-2’ ಎಂಬ ಬಾಗಿಲನ್ನು ಬಳಸುತ್ತದೆ. ಸಾಮಾನ್ಯ ಬಿಳಿ ಇಲಿಯಲ್ಲಿ ಈ ಬಾಗಿಲಿನ ರಚನೆ ಬೇರೆ, ಹಾಗಾಗಿ ಮೂಲ ಕೊರೊನಾ ವೈರಸ್ ಅದಕ್ಕೆ ತಗಲುತ್ತಿರಲಿಲ್ಲ. ರೀಸಸ್ ಮಂಗಗಳಿಗೂ ಸಿರಿಯನ್ ಹ್ಯಾಮ್‌ಸ್ಟರ್ ಎಂಬ ಪುಟ್ಟ ಪ್ರಾಣಿಗೂ ತಗಲುತ್ತಿತ್ತು. ಹ್ಯಾಮ್‌ಸ್ಟರ್ ಎಂದರೆ ಇಲಿಯ ಸಂಬಂಧಿ, ಮೋಟು ಬಾಲದ್ದು, ಕೆನ್ನೆಯ ಚೀಲದಲ್ಲಿ ಕಾಳು ತುಂಬಿಕೊಳ್ಳುವಂಥದ್ದು.

ದನಗಳಿಗೆ ಮನುಷ್ಯರ ಕೊರೊನಾ ತಗಲುತ್ತದೆಯೇ ಎಂಬುದನ್ನೂ ಜರ್ಮನಿಯ ಫ್ರೆಡ್ರಿಕ್ ಲೋಫ್ಲರ್ ಸಂಸ್ಥೆ 2020ರಲ್ಲೇ ಪರೀಕ್ಷಿಸಿತು. ಆರು ದನಗಳ ಮೂಗಿಗೆ ವೈರಸ್ ಹಾಕಿದಾಗ ಎರಡರಲ್ಲಿ ಮಾತ್ರ ಸ್ವಲ್ಪ ಬೆಳೆಯಿತು. ಜೊತೆಯಲ್ಲಿ ಕಟ್ಟಿದ್ದ ಮೂರು ದನಗಳಿಗೆ ಅದು ಹರಡಲಿಲ್ಲ. ಲಾಕ್‌ಡೌನ್ ದಿನಗಳಲ್ಲಿ “ದನದಿಂದ ಕೊರೊನಾ ಬರುತ್ತದೆಯೇ?” ಎಂದು ಹೆದರಿದವರಿಗೆ ಇದಕ್ಕಿಂತ ಸಮಾಧಾನದ ಉತ್ತರ ಬೇಕಿಲ್ಲ.

ಮಂಗಗಳು ತೋರಿಸಿದ್ದು

ಅಮೆರಿಕದ ಬೋಸ್ಟನ್ ನಗರದ ಬೆತ್ ಇಸ್ರೇಲ್ ಡೀಕನೆಸ್ ವೈದ್ಯಕೀಯ ಕೇಂದ್ರದಲ್ಲಿ ಡಾ. ಡ್ಯಾನ್ ಬರೂಕ್ ಅವರ ತಂಡ 2020ರ ಆರಂಭದಲ್ಲಿ ಒಂಬತ್ತು ರೀಸಸ್ ಮಂಗಗಳಿಗೆ ಸೋಂಕು ತಗಲಿಸಿತು. ಅವು ಚೇತರಿಸಿಕೊಂಡವು. ಮೊದಲ ಸೋಂಕಿನ 35 ದಿನಗಳ ನಂತರ ಅದೇ ವೈರಸ್ಸನ್ನು ಮತ್ತೆ ಕೊಡಲಾಯಿತು. ಹೊಸದಾಗಿ ಸೋಂಕು ತಗಲಿಸಿದ ಮಂಗಗಳ ಜೊತೆ ಹೋಲಿಸಿದಾಗ ಇವುಗಳ ಶ್ವಾಸಕೋಶದ ದ್ರವದಲ್ಲಿ ವೈರಸ್ ಪ್ರಮಾಣ ಸುಮಾರು ಒಂದು ಲಕ್ಷ ಪಟ್ಟು ಕಡಿಮೆಯಿತ್ತು. ಆದರೆ ಕೆಲವು ಮಂಗಗಳ ಮೂಗಿನಲ್ಲಿ ಸ್ವಲ್ಪ ಕಾಲ ವೈರಸ್ ಕಾಣಿಸಿಕೊಂಡಿತು. ಅಂಗಳಕ್ಕೆ ಬಂದ ಕಳ್ಳ ಒಳಗೆ ನುಗ್ಗುವ ಮೊದಲೇ ಸಿಕ್ಕಿಬಿದ್ದ ಹಾಗೆ.

ಅದೇ ತಂಡ ಮುಂದೆ ಇನ್ನೊಂದು ಪ್ರಯೋಗ ಮಾಡಿತು. ಚೇತರಿಸಿಕೊಂಡ ಮಂಗಗಳ ರಕ್ತದಿಂದ ಪ್ರತಿಕಾಯಗಳನ್ನು ಬೇರ್ಪಡಿಸಿ, ಎಂದೂ ಸೋಂಕು ಬಾರದ ಮಂಗಗಳಿಗೆ ಕೊಟ್ಟಿತು. ಸಾಕಷ್ಟು ಪ್ರಮಾಣದಲ್ಲಿ ಸಿಕ್ಕಿದವುಗಳಿಗೆ ರಕ್ಷಣೆ ದೊರೆಯಿತು, ತೀರಾ ಕಡಿಮೆ ಸಿಕ್ಕಿದವುಗಳಿಗೆ ದೊರೆಯಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಗಿಣ್ಣುಹಾಲಿನ ವಿಚಾರಕ್ಕೆ ಬರುವಾಗ ಇದು ಮತ್ತೆ ಬೇಕಾಗುತ್ತದೆ.

ನಮ್ಮ ದೇಶದಲ್ಲಿ ಇಂಥ ಕೆಲಸ ಮಾಡಿದ್ದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಸಾಯುತ್ತಿದ್ದ ಮಂಗಗಳಿಂದ ‘ಮಂಗನ ಕಾಯಿಲೆ’ಯ ವೈರಸ್ಸನ್ನು ಪತ್ತೆ ಹಚ್ಚಿದ್ದೂ ಇದೇ ಸಂಸ್ಥೆ. ಕೋವ್ಯಾಕ್ಸಿನ್ ಲಸಿಕೆಗಾಗಿ ಅಲ್ಲಿ 20 ರೀಸಸ್ ಮಂಗಗಳನ್ನು ಐದೈದರ ನಾಲ್ಕು ಗುಂಪು ಮಾಡಲಾಯಿತು. ಮೂರು ಗುಂಪುಗಳಿಗೆ 14 ದಿನಗಳ ಅಂತರದಲ್ಲಿ ಎರಡು ಡೋಸ್ ಲಸಿಕೆ ಕೊಟ್ಟರು, ಒಂದು ಗುಂಪಿಗೆ ಕೊಡಲಿಲ್ಲ. ಎರಡನೇ ಡೋಸ್ ಆಗಿ 14 ದಿನಗಳ ನಂತರ ಎಲ್ಲವಕ್ಕೂ ವೈರಸ್ ತಗಲಿಸಿದರು. ಲಸಿಕೆ ಸಿಗದ ಮಂಗಗಳಿಗೆ ನ್ಯುಮೋನಿಯಾ ಆಯಿತು, ಲಸಿಕೆ ಪಡೆದವುಗಳಿಗೆ ಆಗಲಿಲ್ಲ. ಮೂಗು, ಗಂಟಲಿನಲ್ಲೂ ವೈರಸ್ ಬೇಗ ಕಡಿಮೆಯಾಯಿತು.

ಬೆಂಗಳೂರಿನ ಹ್ಯಾಮ್‌ಸ್ಟರ್‌ಗಳು

ನಮ್ಮ ರಾಜ್ಯದ ಒಂದು ಕೆಲಸವನ್ನೂ ಹೇಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ರಾಘವನ್ ವರದರಾಜನ್ ಅವರ ತಂಡ ಮತ್ತು ಅಲ್ಲೇ ಬೆಳೆದ ಮಿನ್‌ವ್ಯಾಕ್ಸ್ ಕಂಪನಿ ಸೇರಿ ಬಿಸಿ ತಡೆಯುವ ಕೊರೊನಾ ಲಸಿಕೆಯೊಂದನ್ನು ರೂಪಿಸಿದವು. ಒಣಪುಡಿಯ ರೂಪದಲ್ಲಿ ಅದರ ಪ್ರೋಟೀನು 37 ಡಿಗ್ರಿಯಲ್ಲಿ ಒಂದು ತಿಂಗಳು, 100 ಡಿಗ್ರಿಯಲ್ಲಿ 90 ನಿಮಿಷ ಕೆಡದೆ ಉಳಿಯಿತು. ಲಸಿಕೆ ಕೊಟ್ಟ ಹ್ಯಾಮ್‌ಸ್ಟರ್‌ಗಳಿಗೆ ಜೀವಂತ ವೈರಸ್ ತಗಲಿಸಿದಾಗ ಅವು ರೋಗದಿಂದ ಪಾರಾದವು.

ಹ್ಯಾಮ್‌ಸ್ಟರ್‌ನಲ್ಲಿ ರೋಗವನ್ನು ಅಳೆಯುವ ಕ್ರಮ ನಿಮಗೂ ಪರಿಚಿತವೇ: ದಿನವೂ ತೂಕ ನೋಡುವುದು. ಸೋಂಕು ತಗಲಿದರೆ ಮೊದಲ ವಾರದಲ್ಲಿ ತೂಕ ಇಳಿಯುತ್ತದೆ, ಚೇತರಿಸಿಕೊಂಡ ಹಾಗೆ ಏರುತ್ತದೆ. ಕರು ಹುಷಾರಿಲ್ಲ ಎಂದು ನೀವು ಮೊದಲು ಗುರುತಿಸುವುದೂ ಮೈ ಇಳಿದದ್ದರಿಂದಲೇ ಅಲ್ಲವೇ?

ಐಸ್ ಪೆಟ್ಟಿಗೆ ಹೊತ್ತು ಮನೆಮನೆಗೆ ಬರುವ ನಮಗೆ ಬಿಸಿ ತಡೆಯುವ ಲಸಿಕೆ ಎಂಥ ವರ ಎಂಬುದು ಗೊತ್ತು. ಕಾಲುಬಾಯಿ ರೋಗದ ಲಸಿಕೆಯನ್ನು ಈಗಲೂ 2ರಿಂದ 8 ಡಿಗ್ರಿಯಲ್ಲೇ ಇಡಬೇಕು. ಲಸಿಕೆಯ ದಿನ ನಾವು ಬರುವ ಹೊತ್ತಿಗೆ ದನಗಳನ್ನು ಮೇಯಲು ಬಿಡದೆ ಕಟ್ಟಿ ಇಡಿ ಎಂದು ಹೇಳುವುದು ಇದೇ ಕಾರಣಕ್ಕೆ. ಪೆಟ್ಟಿಗೆ ತೆರೆದಿಟ್ಟು ಕಾದಷ್ಟೂ ಲಸಿಕೆಯ ಬಲ ಹೋಗುತ್ತದೆ.

ಈ ಪ್ರಯೋಗಗಳಿಗೆ ಪ್ರಾಣಿಗಳು ತೆತ್ತ ಬೆಲೆಯನ್ನೂ ಮರೆಯಬಾರದು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ರಚನೆಯಾದ ಕೇಂದ್ರ ಸಮಿತಿಯ ನಿಯಮದಂತೆ ಒಪ್ಪಿಗೆ ಪಡೆಯದೆ ನಮ್ಮ ದೇಶದಲ್ಲಿ ಇಂಥ ಪ್ರಯೋಗ ಮಾಡುವಂತಿಲ್ಲ. ಎಷ್ಟು ಪ್ರಾಣಿ, ಏಕೆ, ನೋವು ಕಡಿಮೆ ಮಾಡಲು ಏನು ವ್ಯವಸ್ಥೆ ಎಂಬುದಕ್ಕೆ ಮೊದಲೇ ಉತ್ತರ ಕೊಡಬೇಕು. ಅವುಗಳಿಂದ ಕಲಿತದ್ದನ್ನು ಬಳಸದೆ ಬಿಡುವುದು ನ್ಯಾಯವಲ್ಲ.

ದನದ ಕೊರೊನಾ: ನಮಗೆ ಹಳೆಯ ಪರಿಚಯ

ದನದ ಕೊರೊನಾ ವೈರಸ್ಸನ್ನು 1970ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಕರುಗಳ ಭೇದಿಯಲ್ಲಿ ಗುರುತಿಸಲಾಯಿತು. ಇದು ಕೋವಿಡ್ ವೈರಸ್ ಅಲ್ಲ, ಅದೇ ದೊಡ್ಡ ಕುಟುಂಬದ ಬೇರೊಂದು ಸದಸ್ಯ. ಮುಖ್ಯವಾಗಿ ಮೊದಲ ಮೂರು ವಾರದ ಕರುಗಳಲ್ಲಿ ಭೇದಿ, ಸ್ವಲ್ಪ ದೊಡ್ಡ ಕರುಗಳಲ್ಲಿ ನೆಗಡಿ, ಕೆಮ್ಮು, ಕರೆಯುವ ಹಸುಗಳಲ್ಲಿ ಕೆಲವೊಮ್ಮೆ ಇದ್ದಕ್ಕಿದ್ದಂತೆ ಭೇದಿಯಾಗಿ ಹಾಲು ಇಳಿಯುವುದು, ಇವು ಅದರ ಲಕ್ಷಣಗಳು. ಕರುಳಿನ ಒಳಪದರದಲ್ಲಿ ಆಹಾರ ಹೀರುವ ಸಣ್ಣ ಬೆರಳಿನಂಥ ರಚನೆಗಳನ್ನು ವೈರಸ್ ನಾಶಮಾಡುತ್ತದೆ. ಕುಡಿದ ಹಾಲು ಜೀರ್ಣವಾಗದೆ ನೀರಾಗಿ ಹೋಗುತ್ತದೆ. ಕರು ಸಾಯುವುದು ಹೆಚ್ಚಾಗಿ ಮೈಯ ನೀರು, ಲವಣ ಬರಿದಾಗುವುದರಿಂದ.

ಮರುಸೋಂಕಿನ ಪಾಠ ಇಲ್ಲಿಯೂ ಒಂದೇ. ಭೇದಿಯಿಂದ ಚೇತರಿಸಿಕೊಂಡ ಕರುಗಳಿಗೆ ಕೆಲವು ವಾರಗಳ ನಂತರ ಮತ್ತೆ ವೈರಸ್ ಕೊಟ್ಟ ಪ್ರಯೋಗಗಳು ಅಮೆರಿಕದಲ್ಲಿ ನಡೆದಿವೆ. ಕರುಗಳಿಗೆ ಮತ್ತೆ ಭೇದಿ ಆಗಲಿಲ್ಲ, ಆದರೆ ಅವುಗಳ ಮೂಗಿನಲ್ಲಿ, ಸಗಣಿಯಲ್ಲಿ ವೈರಸ್ ಸಿಕ್ಕಿತು. ಕೋವಿಡ್ ಬರುವ ಎಷ್ಟೋ ವರ್ಷ ಮೊದಲೇ ಪಶುವೈದ್ಯಕೀಯಕ್ಕೆ ಈ ವಿಷಯ ಗೊತ್ತಿತ್ತು. ಹಸುಗಳೂ ಕಾಯಿಲೆ ತೋರಿಸದೆ ಸಗಣಿಯಲ್ಲಿ ವೈರಸ್ ಹೊರಹಾಕುತ್ತವೆ. ಕರು ಹಾಕುವ ಸಮಯದಲ್ಲಿ ಇದು ಹೆಚ್ಚಾಗಬಹುದು. ನೋಡಲು ಆರೋಗ್ಯವಾಗಿರುವ ತಾಯಿಯಿಂದಲೇ ಹುಟ್ಟಿದ ಕರುವಿಗೆ ಸೋಂಕು ತಗಲುವುದು ಹೀಗೆ. “ನಮ್ಮ ಹಟ್ಟಿಯಲ್ಲಿ ಯಾವ ದನಕ್ಕೂ ಏನೂ ಇಲ್ಲ, ಕರುವಿಗೆ ಎಲ್ಲಿಂದ ಬಂತು?” ಎಂಬ ಪ್ರಶ್ನೆಗೆ ಇದೇ ಉತ್ತರ.

ಗಿಣ್ಣುಹಾಲು: ಹಟ್ಟಿಯಲ್ಲೇ ಇರುವ ಲಸಿಕೆ

ಮನುಷ್ಯರ ಮಗು ಹುಟ್ಟುವಾಗಲೇ ತಾಯಿಯ ಪ್ರತಿಕಾಯಗಳನ್ನು ಪಡೆದಿರುತ್ತದೆ. ಕರುವಿಗೆ ಆ ಭಾಗ್ಯವಿಲ್ಲ. ಹಸುವಿನ ಮಾಸು ಪ್ರತಿಕಾಯಗಳನ್ನು ದಾಟಿಸುವುದಿಲ್ಲ. ಕರುವಿಗೆ ಸಿಗುವುದೆಲ್ಲ ಗಿಣ್ಣುಹಾಲಿನಿಂದಲೇ. ಬೋಸ್ಟನ್‌ನ ಮಂಗಗಳಿಗೆ ಸೂಜಿಯಲ್ಲಿ ಕೊಟ್ಟ ಪ್ರತಿಕಾಯವನ್ನು ನಿಮ್ಮ ಹಸು ಕೆಚ್ಚಲಿನಲ್ಲಿ ಇಟ್ಟುಕೊಂಡಿದೆ. ಪ್ರಮಾಣ ಕಡಿಮೆಯಾದರೆ ರಕ್ಷಣೆ ಇಲ್ಲ ಎಂಬ ನಿಯಮವೂ ಹಾಗೆಯೇ ಅನ್ವಯಿಸುತ್ತದೆ.

ಗಿಣ್ಣುಹಾಲಿಗೆ ಎರಡು ಕೆಲಸಗಳಿವೆ. ಮೊದಲನೆಯದು ರಕ್ತಕ್ಕೆ ಪ್ರತಿಕಾಯ ಸೇರಿಸುವುದು. ಕರುವಿನ ಕರುಳು ಹುಟ್ಟಿದ ಮೊದಲ ಆರು ಗಂಟೆ ಇದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ, 24 ಗಂಟೆಯ ಹೊತ್ತಿಗೆ ಆ ಬಾಗಿಲು ಮುಚ್ಚಿಹೋಗುತ್ತದೆ. ‘ಮಾಸು ಬೀಳುವವರೆಗೆ ಹಾಲು ಕುಡಿಸಬಾರದು’ ಎಂಬ ನಂಬಿಕೆ ಇನ್ನೂ ಕೆಲವು ಮನೆಗಳಲ್ಲಿದೆ. ದಯವಿಟ್ಟು ಅದನ್ನು ಬಿಡಿ. ಮಾಸು ಬೀಳಲು ಎಂಟು ಹತ್ತು ಗಂಟೆ ಹಿಡಿದರೆ ಕರುವಿನ ಅತ್ಯಮೂಲ್ಯ ಸಮಯ ಕಳೆದುಹೋಗಿರುತ್ತದೆ. ಕರು ಕೆಚ್ಚಲು ಚೀಪುವುದರಿಂದ ಗರ್ಭಕೋಶ ಸಂಕುಚಿಸಿ ಮಾಸು ಬೀಳಲು ಸಹಾಯವೇ ಆಗುತ್ತದೆ.

ಎರಡನೆಯ ಕೆಲಸವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಮೊದಲ ದಿನದ ನಂತರ ಕುಡಿಸಿದ ಗಿಣ್ಣುಹಾಲಿನ ಪ್ರತಿಕಾಯ ರಕ್ತಕ್ಕೆ ಹೋಗದಿದ್ದರೂ ಕರುಳಿನೊಳಗೇ ಇದ್ದು, ಅಲ್ಲಿಗೆ ಬರುವ ಕೊರೊನಾ, ರೋಟಾ ವೈರಸ್ಸುಗಳನ್ನು ಹಿಡಿಯುತ್ತದೆ. ಗೇಟಿನ ಕಾವಲು ಎಂದೆವಲ್ಲ, ಅದು ಇದೇ. ಆದ್ದರಿಂದ ಮೊದಲ ದಿನ ಕುಡಿಸಿ, ಉಳಿದದ್ದನ್ನೆಲ್ಲ ಗಿಣ್ಣು ಮಾಡಿ ಹಂಚಿದರೆ ಕರುವಿನ ಪಾಲು ಹೋದಂತೆ. ಮನೆಯವರಿಗೆ ಸ್ವಲ್ಪ ಇರಲಿ, ಆದರೆ ಮೊದಲ ಹಕ್ಕು ಕರುವಿನದು.

ನೀವು ಮಾಡಬೇಕಾದದ್ದು

1. ಕರು ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿ. ಮೊದಲ 12 ಗಂಟೆಯಲ್ಲಿ ಕರುವಿನ ತೂಕದ ಹತ್ತನೇ ಒಂದು ಭಾಗ ಹೊಟ್ಟೆಗೆ ಹೋಗಬೇಕು. 25 ಕೆ.ಜಿ. ಕರುವಿಗೆ ಎರಡೂವರೆ ಲೀಟರ್. ಅರ್ಧವನ್ನು ಮೊದಲ ಎರಡು ಗಂಟೆಯಲ್ಲೇ ಕುಡಿಸಿ.

2. ಗಿಣ್ಣುಹಾಲು ಇರುವಷ್ಟು ದಿನವೂ ಕರುವಿಗೆ ಕೊಡುತ್ತಿರಿ. ಹಸು ಸತ್ತರೆ ಅಥವಾ ಹಾಲಿಲ್ಲದಿದ್ದರೆ ಅದೇ ದಿನ ಕರು ಹಾಕಿದ ಬೇರೆ ಹಸುವಿನ ಗಿಣ್ಣುಹಾಲು ಆಗುತ್ತದೆ.

3. ಕರು ಹಾಕುವ ಜಾಗ ಒಣಗಿರಲಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಇದು ಸುಲಭವಲ್ಲ, ಆದರೂ ಆ ಒಂದು ಮೂಲೆಗೆ ಒಣ ಹುಲ್ಲು ಹಾಸಿ ದಿನವೂ ಬದಲಿಸಿ. ಹಸುವಿನ ಕೆಚ್ಚಲು ತೊಳೆದೇ ಕರುವನ್ನು ಬಿಡಿ.

4. ಕೊರೊನಾ ವೈರಸ್ಸಿನ ಹೊದಿಕೆ ಕೊಬ್ಬಿನದು. ಸೋಪು, ಬ್ಲೀಚಿಂಗ್ ಪುಡಿ, ಬಿಸಿಲು ಇವು ಅದನ್ನು ಕೊಲ್ಲುತ್ತವೆ. ಸಗಣಿ ಬಾಚದೆ ಮೇಲಿಂದ ಔಷಧ ಚೆಲ್ಲಿದರೆ ಪ್ರಯೋಜನವಿಲ್ಲ.

5. ಭೇದಿಯಾದ ಕರುವನ್ನು ಬೇರೆ ಕಟ್ಟಿ. ಮೊದಲು ಆರೋಗ್ಯವಾಗಿರುವ ಕರುಗಳ ಕೆಲಸ ಮುಗಿಸಿ, ಕೊನೆಗೆ ಹುಷಾರಿಲ್ಲದ ಕರುವಿನ ಹತ್ತಿರ ಹೋಗಿ. ಬಕೆಟ್ ಬೇರೆ ಇರಲಿ.

6. ಭೇದಿಯಾದರೆ ಹಾಲು ನಿಲ್ಲಿಸಬೇಡಿ. ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಿ, ನಡುವೆ ಪಶುವೈದ್ಯರು ಹೇಳಿದ ಗ್ಲೂಕೋಸ್-ಲವಣದ ನೀರು ಕುಡಿಸಿ. ಸಕ್ಕರೆ ನೀರು ಬೇಡ, ಎಳೆ ಕರುವಿಗೆ ಸಕ್ಕರೆ ಜೀರ್ಣವಾಗುವುದಿಲ್ಲ, ಭೇದಿ ಹೆಚ್ಚಾಗಬಹುದು.

7. ಕಣ್ಣು ಗುಳಿ ಬಿದ್ದರೆ, ಕುತ್ತಿಗೆಯ ಚರ್ಮ ಹಿಡಿದೆತ್ತಿ ಬಿಟ್ಟಾಗ ಕೂಡಲೇ ಹಿಂದಕ್ಕೆ ಹೋಗದಿದ್ದರೆ, ಕಿವಿ, ಬಾಯಿ ತಣ್ಣಗಾದರೆ, ಕರು ಏಳದಿದ್ದರೆ ಬೆಳಗಿನವರೆಗೆ ಕಾಯಬೇಡಿ. ಆಗ ಅದಕ್ಕೆ ರಕ್ತನಾಳದ ಮೂಲಕ ಡ್ರಿಪ್ ಬೇಕು.

8. ಮೆಡಿಕಲ್ ಶಾಪಿನಿಂದ ನೀವೇ ಆಂಟಿಬಯೋಟಿಕ್ ತಂದು ಹಾಕಬೇಡಿ. ಅದು ವೈರಸ್ಸನ್ನು ಕೊಲ್ಲುವುದಿಲ್ಲ. ಎಲ್ಲ ಭೇದಿಯೂ ಕೊರೊನಾ ಅಲ್ಲ. ರೋಟಾ ವೈರಸ್, ಇ-ಕೋಲೈ, ಜಂತುಹುಳುಗಳಿಂದಲೂ ಆಗಬಹುದು. ಯಾವುದೆಂದು ನೋಡಿ ಚಿಕಿತ್ಸೆ ಕೊಡಬೇಕು.

9. ಹೊರಜಿಲ್ಲೆ, ಹೊರರಾಜ್ಯದಿಂದ ತಂದ ದನವನ್ನು ಎರಡು ಮೂರು ವಾರ ಬೇರೆ ಕಟ್ಟಿ.

ಹಾಗಾದರೆ ಲಸಿಕೆ ಪುನಃ ಏಕೆ?

ಕಾಲುಬಾಯಿ ರೋಗದ ವೈರಸ್ ಕೊರೊನಾ ಕುಟುಂಬದ್ದಲ್ಲ. ಆದರೂ ಅದರ ಲೆಕ್ಕಾಚಾರ ಇದಕ್ಕೆ ಹತ್ತಿರವಿದೆ. ನಾವು ಹಾಕುವುದು ಸತ್ತ ವೈರಸ್ಸಿನ ಲಸಿಕೆ. ಅದರ ಪ್ರತಿಕಾಯ ಸುಮಾರು ಆರು ತಿಂಗಳಲ್ಲಿ ಇಳಿಯುತ್ತದೆ. ಕಾಯಿಲೆಯಿಂದ ಚೇತರಿಸಿಕೊಂಡ ದನ ಗಂಟಲಿನಲ್ಲಿ ತಿಂಗಳುಗಟ್ಟಲೆ ವೈರಸ್ ಇಟ್ಟುಕೊಂಡಿರಬಹುದು. ಜೊತೆಗೆ ಓ, ಎ, ಏಷಿಯಾ-1 ಎಂಬ ಮೂರು ಬಗೆಯ ವೈರಸ್ಸುಗಳು ನಮ್ಮ ದೇಶದಲ್ಲಿ ಇದ್ದದ್ದರಿಂದ ಲಸಿಕೆಯಲ್ಲಿ ಮೂರೂ ಇವೆ. ಒಂದು ಬಗೆ ಬಂದು ಹೋದ ಮಾತ್ರಕ್ಕೆ ಇನ್ನೊಂದರಿಂದ ರಕ್ಷಣೆ ಸಿಗುವುದಿಲ್ಲ. ಹೀಗಾಗಿ ನಾಲ್ಕನೇ ತಿಂಗಳಲ್ಲಿ ಮೊದಲ ಲಸಿಕೆ, ಒಂದು ತಿಂಗಳಿಗೆ ಬೂಸ್ಟರ್, ನಂತರ ಆರು ತಿಂಗಳಿಗೊಮ್ಮೆ ಹಾಕಿಸಬೇಕು. ಕಂದು ರೋಗದ ಲಸಿಕೆ ಜೀವಂತ ಲಸಿಕೆಯಾದ್ದರಿಂದ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುವಿಗೆ ಒಮ್ಮೆ ಹಾಕಿದರೆ ಸಾಕು. ರೋಗಕ್ಕೆ ತಕ್ಕ ಲಸಿಕೆ, ಲಸಿಕೆಗೆ ತಕ್ಕ ಅವಧಿ.

ಲಸಿಕೆ ಹಾಕಿಸಿದ ದನಕ್ಕೆ ಒಮ್ಮೊಮ್ಮೆ ಸಣ್ಣದಾಗಿ ಜೊಲ್ಲು ಬಂದರೆ ಲಸಿಕೆ ವ್ಯರ್ಥವಾಯಿತು ಎಂದುಕೊಳ್ಳಬೇಡಿ. ಕೆಚ್ಚಲು ಉಳಿಯಿತೇ, ಗೊರಸು ಉಳಿಯಿತೇ, ಗಬ್ಬ ಉಳಿಯಿತೇ ಎಂದು ನೋಡಿ. ಪುಣೆಯ ಮಂಗಗಳಲ್ಲಿ ವಿಜ್ಞಾನಿಗಳು ನೋಡಿದ್ದೂ ಅದನ್ನೇ: ಶ್ವಾಸಕೋಶ ಉಳಿಯಿತೇ ಎಂದು.

ಮುಂದಿನ ಸುತ್ತಿನ ಲಸಿಕೆಯ ದಿನಾಂಕವನ್ನು ನಿಮ್ಮ ಸಂಘದ ಫಲಕದಲ್ಲಿ ಹಾಕುತ್ತಾರೆ. ಬೆಳಗ್ಗೆ ಡೈರಿಗೆ ಹಾಲು ತರುವಾಗ ಅದನ್ನು ನೋಡಿಕೊಳ್ಳಿ, ಪಕ್ಕದ ಮನೆಯವರಿಗೂ ತಿಳಿಸಿ. ನಿಮ್ಮ ಹಟ್ಟಿಯಲ್ಲಿ ತುಂಬು ಗಬ್ಬದ ಹಸು ಇದ್ದರೆ ಅದರ ದಿನವನ್ನು ಕಾರ್ಯದರ್ಶಿಯವರಲ್ಲಿ ಬರೆಸಿಡಿ. ಕರು ಹುಟ್ಟಿದ ದಿನ ಗಡಿಯಾರ ನೋಡಿ ಮೊದಲ ಗಿಣ್ಣುಹಾಲು ಕುಡಿಸಿ.